ಕೋಚ್ ಕೊಟ್ಟ ಡಬ್ಬಿ

ಆಟಗಾರ ಜಕೋರಿ ಪಿಂಕ್‌ಸ್ಟನ್ ತಮ್ಮ ಕಾಲೇಜು ಬಿಟ್ಟು ಹೋಗುತ್ತಿದ್ದಾನೆ ಎನ್ನುವುದು ಕೋಚ್ ವರ್ನೆಲ್ ಹ್ಯಾಚರ್‌ಗೆ ಗೊತ್ತಾದದ್ದು ಕ್ಷೌರದಂಗಡಿಯಲ್ಲಿ, ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ. ಕ್ಷೌರಿಕ ತನ್ನ ಫೋನನ್ನು ಅವನ ಮೂಗಿನ ಮುಂದೆ ಹಿಡಿದ. ಅದರಲ್ಲಿ ಜಕೋರಿ ಟೆಕ್ಸಾಸ್‌ನ ದೊಡ್ಡ ಕಾಲೇಜೊಂದರ ಟೋಪಿ ಹಾಕಿಕೊಂಡು, ಈ ವರ್ಷದ ತರಗತಿಗಳು ಮುಗಿದ ಕೂಡಲೇ ನಾನು ನಿಮ್ಮವನು ಎಂದು ಜಗತ್ತಿಗೆಲ್ಲ ಸಾರುತ್ತಿದ್ದ.

"ನಿಮ್ಗೆ ಮೊದ್ಲೇ ಗೊತ್ತಿರುತ್ತೆ ಬಿಡಿ ಕೋಚ್," ಎಂದ ಕ್ಷೌರಿಕ. "ನಿಮ್ಮ ಹುಡ್ಗ ಅಲ್ವಾ."

"ಹೂಂ, ಗೊತ್ತು," ಎಂದ ವರ್ನೆಲ್.

ಗೊತ್ತಿರಲಿಲ್ಲ. ಆದರೂ ಗಡ್ಡ ಪೂರ್ತಿ ಮಾಡಿಸಿಕೊಂಡು, ಹವಾಮಾನದ ಮಾತಾಡಿ, ಕ್ಷೌರಿಕನಿಗೆ ಎಂದಿನಷ್ಟೇ ಇನಾಮು ಕೊಟ್ಟು ಹೊರಬಂದ. ಮುಖದಲ್ಲಿ ಏನೂ ತೋರಗೊಡದಿರುವುದು ಅವನ ಕಸುಬಿನ ಮೊದಲ ಪಾಠ.

ಹುಡುಗರನ್ನು ಹುಡುಕಿ ತರುವುದೇ ಅವನ ಕಸುಬು. ಮಿಸಿಸಿಪ್ಪಿಯ ಹತ್ತಿ ಹೊಲಗಳ ನಡುವೆ ಇರುವ ವಾರ್ನಾಕ್ ಕಾಲೇಜಿನ, ಚೆಂಡನ್ನು ಕೈಯಲ್ಲಿ ಎಸೆದು ಆಡುವ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಊರೂರು ತಿರುಗಿ, ಶಾಲೆಗಳಲ್ಲಿ ಆಡುವ ಹುಡುಗರನ್ನು ಗುರುತಿಸಿ, ಅವರ ಮನೆಯವರನ್ನು ಒಪ್ಪಿಸಬೇಕು. ಒಪ್ಪಿಸುವುದು ಅಡುಗೆಮನೆಯಲ್ಲಿ. ತಾಯಂದಿರು ಬಡಿಸಿದ್ದನ್ನೆಲ್ಲ ಬೆರಳು ನೆಕ್ಕಿಕೊಂಡು ತಿನ್ನಬೇಕು, ಅವರ ಚರ್ಚಿನಲ್ಲಿ ಹಾಡಬೇಕು, ಅವರ ಮನೆಯ ಸಾವಿಗೆ ಹೋಗಿ ಶವಪೆಟ್ಟಿಗೆಗೆ ಹೆಗಲು ಕೊಡಬೇಕು. ವರ್ನೆಲ್ ಇದೆಲ್ಲವನ್ನೂ ಮಾಡಿದ್ದ, ಮತ್ತು ಬರೀ ನಾಟಕಕ್ಕೆ ಮಾಡಿರಲಿಲ್ಲ. ಆಗೆಲ್ಲ ಹುಡುಗನೊಬ್ಬನಿಗೆ ಒಂದು ಹ್ಯಾಂಬರ್ಗರ್ ಕೊಡಿಸಿದ್ದು ಗೊತ್ತಾದರೂ ಕೋಚ್‌ನ ನೌಕರಿ ಹೋಗುತ್ತಿತ್ತು. ಕೊಡಲಿಕ್ಕೆ ಅವನ ಬಳಿ ಇದ್ದದ್ದು ಮಾತು ಮತ್ತು ಮುಖ, ಅಷ್ಟೆ.

ಆಮೇಲೆ ಕಾನೂನು ಬದಲಾಯಿತು. ಆಟಗಾರ ವಿದ್ಯಾರ್ಥಿಗಳು ತಮ್ಮ ಹೆಸರು, ಮುಖಗಳನ್ನು ಕಂಪನಿಗಳ ಜಾಹೀರಾತಿಗೆ ಮಾರಿಕೊಳ್ಳಬಹುದು ಎಂದಾಯಿತು. ಅಲ್ಲಿಂದ ಶುರುವಾಯಿತು ನೋಡಿ ಜಾತ್ರೆ. ದೊಡ್ಡ ಕಾಲೇಜುಗಳ ಹಳೇ ವಿದ್ಯಾರ್ಥಿಗಳು, ಎಣ್ಣೆ ಬಾವಿಗಳ ಒಡೆಯರು, ಒಟ್ಟು ಸೇರಿ ದುಡ್ಡು ಕೂಡಿಸಿ ಜಾಹೀರಾತಿನ ಹೆಸರಿನಲ್ಲಿ ಹುಡುಗರನ್ನು ಕೊಳ್ಳತೊಡಗಿದರು. ವರ್ನೆಲ್ ಮನೆಗೆ ಹೋಗಿ ಕೂತರೆ ಈಗ ತಟ್ಟೆ ಬರುವುದಕ್ಕೆ ಮೊದಲೇ ಒಬ್ಬ ಸೋದರಮಾವ ಬರುತ್ತಿದ್ದ. "ಎಷ್ಟು ಕೊಡ್ತೀರಾ ಹೇಳಿ ಕೋಚ್, ಊಟ ಆಮೇಲೆ ಮಾಡೋಣ." ವಾರ್ನಾಕ್ ಕಾಲೇಜಿನ ಬೆನ್ನಿಗಿದ್ದವರು ಒಬ್ಬ ಮೀನು ಸಾಕುವವನು, ಒಬ್ಬ ಟ್ರಾಕ್ಟರ್ ಮಾರುವವನು. ಅವರು ಎಷ್ಟೆಂದು ಕೊಟ್ಟಾರು?

ಆದರೂ ಜಕೋರಿ ಹೋಗುತ್ತಾನೆ ಎಂದು ವರ್ನೆಲ್ ಕನಸಿನಲ್ಲೂ ಎಣಿಸಿರಲಿಲ್ಲ. ಇನ್ನೂ ಮೀಸೆ ಚಿಗುರದ ಜಕೋರಿ ಹತ್ತಿ ಗಿರಣಿಯ ಮಾಡಿನ ಮೇಲಿಂದ ಆಚೆಗೆ ಚೆಂಡು ಎಸೆಯುವುದನ್ನು ನೋಡಿ ಕಾರು ನಿಲ್ಲಿಸಿದವನು ಅವನು. ಹುಡುಗನನ್ನು ಸಾಕುತ್ತಿದ್ದ ಅಜ್ಜಿ, ಮಿಸ್ ಅರ್ಲೀನ್, ಸೊಂಟ ಮುರಿದುಕೊಂಡು ಬಿದ್ದಾಗ ಆಸ್ಪತ್ರೆಯಲ್ಲಿ ಪಕ್ಕ ಕೂತವನು ಅವನು. ಅವನಿಗೆ ಮಕ್ಕಳಿಲ್ಲ. ಜಕೋರಿಯನ್ನು 'ಮಗಾ' ಎಂದು ಕರೆಯುವಾಗ ಬಾಯಿಮಾತಿಗೆ ಕರೆಯುತ್ತಿರಲಿಲ್ಲ.

ಅವತ್ತೇ ಅವನನ್ನು ಮೈದಾನದ ಬಳಿ ಹಿಡಿದು ನಿಲ್ಲಿಸಿ ಕೇಳಿದ.

"ನಂಗೊಂದು ಮಾತು ಮೊದ್ಲು ಹೇಳ್ಬಾರ್ದಿತ್ತಾ ಮಗಾ?"

ಜಕೋರಿ ಬೂಟಿನ ತುದಿ ನೋಡುತ್ತ ನಿಂತ. "ಟೆಕ್ಸಾಸ್‌ನವ್ರ ಜತೆ ಮಾತು ಕುದುರಿಸಿದ ಏಜೆಂಟು ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಂದಿದ್ದ ಕೋಚ್."

"ನಾನು ಯಾರೋ ಆಗ್ಬಿಟ್ನಾ?"

"ಹಂಗಲ್ಲ ಕೋಚ್... ಅಜ್ಜಿಗೆ ಮನೆ ಕಟ್ಟಿಸ್ಬೇಕು. ಒಂದ್ಸಲ ಮಂಡಿ ಹೋಯ್ತು ಅಂದ್ರೆ ನನ್ನನ್ನ ಯಾರು ಕೇಳ್ತಾರೆ? ನೀವೇ ಹೇಳಿ."

ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಅವನು ಹೋಗುವುದು ಹೋಗಲಿ, ಕ್ಷೌರಿಕನಿಗಿಂತ ಮೊದಲು ತನಗೆ ತಿಳಿಸಬಹುದಿತ್ತು. ಇಷ್ಟು ವರ್ಷ ಅನ್ನದ ತಟ್ಟೆ ಹಂಚಿಕೊಂಡದ್ದಕ್ಕೆ ಅಷ್ಟೂ ಬೆಲೆ ಇಲ್ಲವೇ?

ಮುಖ್ಯ ಕೋಚ್ ಪ್ರೂಯಿಟ್ ಮುಲಾಜಿಲ್ಲದ ಮನುಷ್ಯ. ಬಾಗಿಲು ಹಾಕಿ ಹೇಳಿದ. "ವರ್ನೆಲ್, ನಿನ್ನನ್ನ ಇಟ್ಕೊಂಡಿದ್ದೇ ಆ ಹುಡ್ಗನ್ನ ಉಳಿಸ್ಕೊಳ್ಳಕ್ಕೆ. ಅವ್ನು ಹೋದ್ಮೇಲೆ ನಿಂಗೇನು ಕೆಲ್ಸ ಇಲ್ಲಿ? ಕೋಲ್ಬಿ ಒಬ್ಬ ಇದಾನೆ. ಅವ್ನೇನಾದ್ರೂ ಆಡಿ ತೋರ್ಸಿದ್ರೆ ನಿನ್ನ ವಿಷ್ಯ ಆಮೇಲೆ ನೋಡೋಣ."

ಕೋಲ್ಬಿ ಲಟ್ರೆಲ್ ಎಂಬ ರೈತರ ಹುಡುಗ ಜಕೋರಿಯ ನಂತರ ತಂಡದ ಎರಡನೆಯ ಕ್ವಾರ್ಟರ್‌ಬ್ಯಾಕ್. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಒಬ್ಬ ಸರಿಯಿದ್ದರೆ ತಂಡ ಎದ್ದು ನಿಲ್ಲುತ್ತದೆ, ಇಲ್ಲದಿದ್ದರೆ ಮಲಗಿಬಿಡುತ್ತದೆ. ಕೋಲ್ಬಿ ಒಳ್ಳೆಯ ಹುಡುಗ, ತೋಳಿನಲ್ಲಿ ಬಲ ಸಾಲದು. ಅವನನ್ನು ನಂಬಿ ಕೂರುವಷ್ಟು ವರ್ನೆಲ್ ದಡ್ಡನಲ್ಲ.

ಯೋಚನೆ ಮೊಳೆತದ್ದು ಕಾರು ಓಡಿಸುತ್ತಿದ್ದಾಗ. ಮೊದಮೊದಲು ಅದೊಂದು ಬೈಗುಳದಂತಿತ್ತು, ಜಕೋರಿಯ ಮುಖಕ್ಕೆ ಮಸಿ ಹತ್ತಲಿ ಎನ್ನುವ ಹಾಗೆ. ಊರು ತಲುಪುವ ಹೊತ್ತಿಗೆ ಅದಕ್ಕೆ ಕೈಕಾಲು ಬಂದಿದ್ದವು. ಆಟಗಾರರ ಮೂತ್ರ ಪರೀಕ್ಷೆ ಮಾಡಿ, ಮೈಕಟ್ಟು ಬೆಳೆಸುವ ನಿಷೇಧಿತ ಔಷಧಿ ತಿಂದವರನ್ನು ಕಾಲೇಜು ಆಟಗಳ ಮಂಡಳಿ ಹಿಡಿಯುತ್ತದೆ. ಸಿಕ್ಕಿಬಿದ್ದವನು ಒಂದು ವರ್ಷ ಮೈದಾನಕ್ಕೆ ಇಳಿಯುವಂತಿಲ್ಲ. ಹೆಸರು ಕೆಟ್ಟವನ ಮುಖ ಯಾವ ಕಂಪನಿಗೂ ಬೇಡ. ಟೆಕ್ಸಾಸ್‌ನವರು ಕೊಟ್ಟ ಮಾತನ್ನು ಮರುದಿನವೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆಗ ಹುಡುಗನ ಪಾಲಿಗೆ ಉಳಿಯುವವರು ಯಾರು? ವರ್ನೆಲ್ ಉಳಿಯುತ್ತಾನೆ. ಹೋಗಿ ಹೆಗಲ ಮೇಲೆ ಕೈಯಿಡುತ್ತಾನೆ. ಒಂದು ವರ್ಷ ಕಾಯೋಣ ಮಗಾ, ನಾನಿದ್ದೀನಿ ಎನ್ನುತ್ತಾನೆ. ಜಕೋರಿ ವಾರ್ನಾಕ್‌ನಲ್ಲೇ ಇರುತ್ತಾನೆ, ಯಾರು ತನ್ನವರು ಎಂದು ತಿಳಿದುಕೊಂಡು ಇರುತ್ತಾನೆ. ಇದನ್ನು ಹಾಳುಮಾಡುವುದು ಎನ್ನಲಾಗದು, ವಾಪಸು ತರುವುದು ಎನ್ನಬೇಕು ಎಂದು ವರ್ನೆಲ್ ತನಗೆ ತಾನೇ ಹೇಳಿಕೊಂಡ. ಅವನು ಅಷ್ಟೊಂದು ತಾಯಂದಿರನ್ನು ಒಪ್ಪಿಸಿದವನು, ತನ್ನನ್ನು ತಾನು ಒಪ್ಪಿಸುವುದು ಯಾವ ಮಹಾ.

ಔಷಧಿಯನ್ನು ಮೆಂಫಿಸ್‌ನ ಜಿಮ್ ಒಂದರಲ್ಲಿ, ತಲೆಗೆ ಟೋಪಿ ಎಳೆದುಕೊಂಡು, ನಗದು ಕೊಟ್ಟು ತಂದ. ಆಟಗಾರರೆಲ್ಲ ಹಾಲಿಗೆ ಬೆರೆಸಿ ಕುಡಿಯುವ ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿಯೊಂದನ್ನು ಇನ್ನೊಂದು ಊರಿನಿಂದ ಕೊಂಡ. ಜಕೋರಿ ಶಾಲೆಯಲ್ಲಿ ಇದ್ದಾಗಿನಿಂದಲೂ ಕುಡಿಯುತ್ತಿದ್ದದ್ದು ಅದನ್ನೇ, ಚಾಕೊಲೇಟ್ ರುಚಿಯದು. ಡಬ್ಬಿಯ ಬಾಯಿಗೆ ಅಂಟಿಸಿದ ಬೆಳ್ಳಿ ಹಾಳೆಯನ್ನು ಹಬೆ ಹಿಡಿದು ಮೆತ್ತಗೆ ಬಿಡಿಸಿದ, ಬೆರೆಸಬೇಕಾದ್ದನ್ನು ಬೆರೆಸಿದ, ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿಸಿ ಮತ್ತೆ ಅಂಟಿಸಿದ. ಮೊದಲ ಡಬ್ಬಿಯ ಹಾಳೆ ಸುಕ್ಕಾಯಿತೆಂದು ಅದನ್ನು ಎಸೆದು ಎರಡನೆಯದನ್ನು ತಂದಿದ್ದ. ಈ ಕೆಲಸದಲ್ಲಿ ಅವನಿಗೆ ಆತುರವಿರಲಿಲ್ಲ. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ವಾಪಸು ಎತ್ತಿಕೊಳ್ಳುವುದು ಹೇಗೆ ಎನ್ನುವುದೂ ತಲೆಯಲ್ಲಿತ್ತು. ಹುಡುಗರ ಕೋಣೆಗಳನ್ನು ತಪಾಸಣೆ ಮಾಡುವ ಕೆಲಸ ಅವನದೇ, ಬೀಗದ ಕೈಗಳು ಅವನ ಬಳಿಯೇ ಇರುತ್ತಿದ್ದವು.

ಡಬ್ಬಿ ಕೊಟ್ಟದ್ದು ಮಿಸ್ ಅರ್ಲೀನ್ ಮನೆಯಲ್ಲಿ, ಭಾನುವಾರ ಚರ್ಚು ಮುಗಿದ ಮೇಲಿನ ಊಟಕ್ಕೆ ಹೋಗಿದ್ದಾಗ. ಅವಳೇ ಫೋನು ಮಾಡಿ ಕರೆದಿದ್ದಳು. ಕರಿದ ಮೀನು, ಜೋಳದ ಬ್ರೆಡ್ಡು, ಹಂದಿಮಾಂಸ ಹಾಕಿ ಬೇಯಿಸಿದ ಸೊಪ್ಪು.

"ಮನ್ಸಿಗೆ ಹಚ್ಕೋಬೇಡ ಕಣಪ್ಪಾ," ಎಂದಳು ಮುದುಕಿ, ತಟ್ಟೆಗೆ ಇನ್ನೊಂದು ಮೀನು ಹಾಕುತ್ತ. "ಹುಡ್ಗ ಒಂದು ವಾರ ನಿದ್ದೆ ಮಾಡಿಲ್ಲ, ಕೋಚ್‌ಗೆ ಹೆಂಗೆ ಹೇಳ್ಲಿ ಅಂತ. ನಾನೇ ಬೈದೆ, ಹೇಳೋ ಮುಂಡೇದೆ ಅಂತ. ಅಷ್ಟೊತ್ತಿಗೆ ಆ ಫೋನಲ್ಲಿ ಬಂದ್ಬಿಡ್ತು."

"ಹಚ್ಕೊಂಡಿಲ್ಲ ಮಿಸ್ ಅರ್ಲೀನ್. ಅವ್ನು ಎಲ್ಲಿದ್ರೂ ಚೆನ್ನಾಗಿರ್ಲಿ."

ಹೊರಡುವಾಗ ಕಾರಿನಿಂದ ಡಬ್ಬಿ ತೆಗೆದು ಜಕೋರಿಯ ಕೈಗಿಟ್ಟ. "ತಗೋ ಮಗಾ. ನೀನು ಚಿಕ್ಕೋನಿದ್ದಾಗಿಂದ ಕುಡೀತಿದ್ಯಲ್ಲ, ಅದೇ. ಟೆಕ್ಸಾಸ್‌ಗೆ ಹೋಗೋವಾಗ ಸೊರಗಿ ಹೋಗ್ಬೇಡ, ವಾರ್ನಾಕ್‌ನಲ್ಲಿ ಹೊಟ್ಟೆಗೇ ಹಾಕಿಲ್ಲ ಅಂದಾರು."

ಜಕೋರಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಏನೋ ಹೇಳಲು ಬಾಯಿ ತೆರೆದ, ಹೇಳಲಿಲ್ಲ. ಆಮೇಲೆ ಆ ಉದ್ದನೆಯ ತೋಳುಗಳಲ್ಲಿ ಕೋಚ್‌ನನ್ನು ಅಪ್ಪಿಕೊಂಡ, ಡಬ್ಬಿ ವರ್ನೆಲ್‌ನ ಬೆನ್ನಿಗೆ ಒತ್ತುತ್ತಿತ್ತು. ಆ ಗಳಿಗೆಯಲ್ಲಿ ವರ್ನೆಲ್, ಇಲ್ಲಿ ಕೊಡು, ಇದು ಹಳೇದು, ಬೇರೆ ತಂದುಕೊಡುತ್ತೇನೆ ಎಂದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಡುಗನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. "ಏಜೆಂಟು," ಎಂದು ಅಪ್ಪುಗೆ ಸಡಿಲಿಸಿ ಆಚೆ ನಡೆದ. ವರ್ನೆಲ್ ಕಾರು ಹತ್ತಿದ.

ಕೆಲವು ವಾರ ಕಾದು, ನ್ಯಾಷ್‌ವಿಲ್‌ಗೆ ಹೋಗಿದ್ದಾಗ ಅಲ್ಲಿನ ಹೋಟೆಲೊಂದರ ಫೋನಿನಿಂದ ಮಂಡಳಿಗೆ ಅನಾಮಧೇಯ ಕರೆ ಮಾಡಿದ. ಇಲ್ಲಿ ಅವನ ಜಾಣತನ ನೋಡಬೇಕು. ಜಕೋರಿಯ ಹೆಸರು ಹೇಳಿದರೆ ಯಾರೋ ಹೊಟ್ಟೆಕಿಚ್ಚಿಗೆ ಮಾಡಿದ ಕೆಲಸ ಎಂದು ಮಗುವಿಗೂ ತಿಳಿಯುತ್ತದೆ. ಅದಕ್ಕೇ, "ವಾರ್ನಾಕ್‌ನ ಕ್ವಾರ್ಟರ್‌ಬ್ಯಾಕ್‌ಗಳನ್ನ ಒಂದ್ಸಲ ನೋಡಿ," ಎಂದಷ್ಟೇ ಹೇಳಿ ಇಟ್ಟ.

ಪರೀಕ್ಷೆಯವರು ಬಂದರು. ತಂಡದ ಅರ್ಧ ಜನರನ್ನು, ಕ್ವಾರ್ಟರ್‌ಬ್ಯಾಕ್‌ಗಳನ್ನೆಲ್ಲ ಸೇರಿಸಿ, ಸಾಲಾಗಿ ನಿಲ್ಲಿಸಿದರು. ಹುಡುಗರು ನೀರು ಕುಡಿಯುತ್ತ, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ಕಾಯುತ್ತಿದ್ದಾಗ ವರ್ನೆಲ್ ಜಕೋರಿಯ ಕೋಣೆಗೆ ಹೋದ. ಕಪಾಟು ನೋಡಿದ, ಮಂಚದ ಕೆಳಗೆ ನೋಡಿದ. ಡಬ್ಬಿ ಇರಲಿಲ್ಲ. ಕಪಾಟನ್ನು ಇನ್ನೊಮ್ಮೆ ತಡಕಿದ. ಆಮೇಲೆ ನಗು ಬಂತು. ಆ ಹೊಟ್ಟೆಬಾಕ ತಿಂದು ಮುಗಿಸಿ ಡಬ್ಬಿಯನ್ನು ಕಸಕ್ಕೆ ಹಾಕಿದ್ದಾನೆ, ಇನ್ನೇನು. ಎತ್ತಿಕೊಂಡು ಹೋಗಿ ಮುಚ್ಚಿಹಾಕುವ ತೊಂದರೆಯೂ ತಪ್ಪಿತು. ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿದಾಗ ಅವನಿಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು.

ಕೊನೆಗೊಂದು ದಿನ ಪ್ರೂಯಿಟ್ ಫೋನು ಮಾಡಿ ಬಾ ಎಂದ. "ಪರೀಕ್ಷೇಲಿ ಒಬ್ಬ ಹುಡ್ಗ ಸಿಕ್ಕಿಬಿದ್ದಿದಾನೆ," ಎಂದ, ಬೇರೇನೂ ಹೇಳಲಿಲ್ಲ. ವರ್ನೆಲ್ ಕನ್ನಡಿಯ ಮುಂದೆ ನಿಂತು ಮುಖ ಸರಿಮಾಡಿಕೊಂಡ. ಸಾವಿನ ಮನೆಗಳಿಗೆ ಹಾಕಿಕೊಂಡು ಹೋಗುತ್ತಿದ್ದ ಮುಖ ಅದು, ಕರಾರುವಾಕ್ಕಾಗಿ ಕೂತಿತು.

ಪ್ರೂಯಿಟ್‌ನ ಕೋಣೆಯಲ್ಲಿ ಆಟಗಳ ನಿಯಮ ನೋಡಿಕೊಳ್ಳುವ ಅಧಿಕಾರಿ, ಮಿಸೆಸ್ ಡಂಕ್ಲಿನ್ ಎಂಬ ತೆಳ್ಳನೆಯ ಹೆಂಗಸು, ಕೂತಿದ್ದಳು. ಗೋಡೆಯ ಬದಿಯ ಕುರ್ಚಿಗಳಲ್ಲಿ ಜಕೋರಿ ಮತ್ತು ಕೋಲ್ಬಿ. ಜಕೋರಿಯ ಕಣ್ಣುಗಳು ಕೆಂಪಾಗಿದ್ದವು. ವರ್ನೆಲ್ ಯಾರನ್ನೂ ನೋಡದೆ ನೇರ ಅವನ ಬಳಿಗೆ ನಡೆದು, ಹೆಗಲ ಮೇಲೆ ಕೈಯಿಟ್ಟು, ವಾರಗಳಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತನ್ನು ಹೇಳಿದ.

"ಹೆದರ್ಬೇಡ ಮಗಾ. ಒಂದು ವರ್ಷ ತಾನೇ, ಕಾಯೋಣ. ಯಾರು ಕೈಬಿಟ್ರೂ ನಾನಿದ್ದೀನಿ."

ಮಿಸೆಸ್ ಡಂಕ್ಲಿನ್ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ಕೋಚ್ ಹ್ಯಾಚರ್, ಸಿಕ್ಕಿಬಿದ್ದಿರೋದು ಅವ್ನಲ್ಲ, ಕೋಲ್ಬಿ. ಜಕೋರಿದು ಶುದ್ಧವಾಗಿದೆ. ಅವ್ನೇ ಅಂತ ನಿಮ್ಗೆ ಯಾರು ಹೇಳಿದ್ದು?"

ಕೋಲ್ಬಿ ಮೊಣಕಾಲುಗಳ ನಡುವೆ ತಲೆಯಿಟ್ಟು ಅಳುತ್ತಿದ್ದ. "ಅಪ್ಪ ಏನಂತಾನೋ... ನಾನು ಅಂಥದ್ದೇನೂ ತಿಂದಿಲ್ಲ ಸಾರ್, ಆ ಡಬ್ಬಿ ಪುಡಿ ಬಿಟ್ಟು." ಆಗ ವರ್ನೆಲ್ ಮೇಜಿನತ್ತ ನೋಡಿದ. ಅಲ್ಲಿ, ಪ್ಲಾಸ್ಟಿಕ್ ಚೀಲವೊಂದರಲ್ಲಿ, ಡಬ್ಬಿ ಇತ್ತು. ಇನ್ನೂ ಕಾಲು ಭಾಗ ಪುಡಿ ಉಳಿದಿತ್ತು.

"ಕಂಪನೀಲಿ ಬೆರೆತಿದ್ದಲ್ಲ ಇದು," ಎಂದಳು ಮಿಸೆಸ್ ಡಂಕ್ಲಿನ್. "ಫಲಿತಾಂಶ ಬಂದ್ಮೇಲೆ ಗುಟ್ಟಾಗಿ ಇದನ್ನೂ, ಜತೇಲಿ ತಯಾರಾದ ಬೇರೆ ಡಬ್ಬಿಗಳನ್ನೂ ಪರೀಕ್ಷೆ ಮಾಡ್ಸಿದೀವಿ, ಬೇರೆ, ಒಂದ್ರಲ್ಲೂ ಇಲ್ಲ. ಯಾರೋ ಕೈಯಾರೆ ಬೆರೆಸಿದಾರೆ. ಜಕೋರಿ, ಡಬ್ಬಿ ನಿಂಗೆ ಯಾರು ಕೊಟ್ಟಿದ್ದು ಅಂತ ಆವಾಗ್ಲಿಂದ ಕೇಳ್ತಿದೀನಿ."

ಜಕೋರಿ ಅವಳತ್ತ ನೋಡಲಿಲ್ಲ. ತನ್ನ ಹೆಗಲ ಮೇಲಿನ ಕೈಯನ್ನು ನೋಡಿದ, ಆಮೇಲೆ ನಿಧಾನವಾಗಿ ವರ್ನೆಲ್‌ನ ಮುಖವನ್ನು ನೋಡಿದ. "ಟೆಕ್ಸಾಸ್‌ನವ್ರ ಜತೆ ಜಾಹೀರಾತಿಗೆ ಅಂತ ಒಂದು ಪ್ರೋಟೀನ್ ಪುಡಿ ಕಂಪನೀನೂ ಬಂದಿತ್ತು ಕೋಚ್," ಎಂದ. "ಅವ್ರ ಪುಡಿ ಬಿಟ್ಟು ಬೇರೆ ಯಾವ್ದೂ ಬಾಯಿಗೆ ಹಾಕ್ಬಾರ್ದು ಅಂತ ಸಹಿ ಮಾಡಿಸ್ಕೊಂಡಿದಾರೆ, ಮನೇಲೂ ಹಾಕಂಗಿಲ್ಲ. ಅವತ್ತು ಅಜ್ಜಿ ಮನೇಲಿ ನೀವು ಕೊಟ್ಟಾಗ ಹೇಳಕ್ಕೆ ಬಾಯಿ ಬರ್ಲಿಲ್ಲ, ಎಲ್ಲಿ ಬೇಜಾರು ಮಾಡ್ಕೋತೀರೋ ಅಂತ. ನೀವು ಕೊಟ್ಟಿದ್ದನ್ನ ಬಿಸಾಕಕ್ಕೂ ಮನ್ಸಾಗ್ಲಿಲ್ಲ. ನಾನು ಹೋದ್ಮೇಲೆ ನಿಮ್ಗೆ ಕೋಲ್ಬಿ ಒಬ್ನೇ ಅಲ್ವಾ, ಅವ್ನು ಸ್ವಲ್ಪ ಮೈ ತುಂಬ್ಕೊಂಡು ಚೆನ್ನಾಗಿ ಆಡಿದ್ರೆ ನಿಮ್ಮ ಕೆಲ್ಸ ಉಳಿಯುತ್ತೆ ಅಂತ, ಅವ್ನಿಗೆ ಕೊಟ್ಟೆ."