ಕುಂಟೆಪಾಳ್ಯದಲ್ಲಿ ನಿಲ್ಲದ ರೈಲು

ಬಲು ಹಿಂದೆ, ದೊರೆಗಳ ಆನೆಗಳಿಗೂ ರೆಕ್ಕೆಯಿದ್ದ ಕಾಲದಲ್ಲಿ, ಕಂಚಿನಕೋಟೆ ಎಂಬ ರಾಜ್ಯವಿತ್ತು. ರಾಜಧಾನಿಯ ಹೊರವಲಯದಲ್ಲಿ ಕುಂಟೆಪಾಳ್ಯ. ಅಲ್ಲಿನ ರೈಲು ನಿಲ್ದಾಣವೆಂದರೆ ಮೊದಲು ಒಂದು ಹೊಂಗೆ ಮರ, ಅಷ್ಟೇ. ಬೆಂಕಿ ತಿನ್ನುವ ರೈಲು ಅದರ ನೆರಳಿಗೆ ಬಂದು ತಾನಾಗಿ ನಿಲ್ಲುತ್ತಿತ್ತು. ಆಮೇಲೆ ಕಲ್ಲುಬೆಂಚು ಬಂತು, ತಗಡಿನ ಸೂರು ಬಂತು, ಗಂಟೆ ಬಂತು. ಸಂಜೆ ಇಳಿದವರು ನೆಟ್ಟಗೆ ಮನೆಗೆ ಹೋಗುತ್ತಿರಲಿಲ್ಲ. ಬೆಂಚಿನ ಮೇಲೆ ಕಡಲೆಕಾಯಿ ಸುಲಿಯುತ್ತ ಮಾತು ಮುಗಿಸಿಯೇ ಏಳುತ್ತಿದ್ದರು.

ಒಂದು ದಿನ ಧೂಳಕೇತು ಎಂಬ ಮಾಯಾವಿ ರೈಲು ಹತ್ತಿದ. ಅವನಿಗೆ ಕಿಟಕಿಯ ಗಾಳಿ ಬೇಕು. ರೈಲು ನಿಂತರೆ ಗಾಳಿಯೂ ನಿಲ್ಲುತ್ತದಲ್ಲ, ಸಿಟ್ಟು ಬಂತು. “ಈ ಸೀಟು ನನ್ನದಾಗಿರುವವರೆಗೆ ರೈಲು ಎಲ್ಲೂ ನಿಲ್ಲದಿರಲಿ” ಎಂದು ಮಂತ್ರ ಹಾಕಿದ. ರೈಲು ರಾಜ್ಯವನ್ನು ಸುತ್ತತೊಡಗಿತು. ಒಳಗಿದ್ದವರು ಹೆದರಿ ತುಟಿ ಬಿಚ್ಚಲಿಲ್ಲ.

ಅವರಲ್ಲಿ ಕೊಡೆ ರಿಪೇರಿಯ ಮರಿಸಿದ್ದನೂ ಇದ್ದ. ಅವನ ಹೆಂಡತಿ ಚೆನ್ನಾಜಿ ದಿನಾ ಸಂಜೆ ಕೂಸನ್ನು ಸೊಂಟಕ್ಕೇರಿಸಿಕೊಂಡು ನಿಲ್ದಾಣಕ್ಕೆ ಬರುವಳು. ಗಂಡ ಕಿಟಕಿಯಲ್ಲಿ ಕಂಡು ಮಾಯವಾಗುವನು. ಆರನೆಯ ದಿನ ಕೂಸು ಅಪ್ಪನನ್ನು ಕಂಡು, ಯಾರೋ ಎಂಬಂತೆ ಮುಖ ತಿರುಗಿಸಿತು. ರೈಲನ್ನು ನಿಲ್ಲಿಸಲೇಬೇಕೆಂದು ಚೆನ್ನಾಜಿ ಟೊಂಕ ಕಟ್ಟಿದಳು.

ಮೊದಲು ಕೆಂಪು ಸೀರೆ ಬೀಸಿದಳು. ರೈಲು ನಿಲ್ಲಲಿಲ್ಲ.

ಆಮೇಲೆ ದೊರೆಗೆ ದೂರು ಕೊಟ್ಟಳು. “ಮುಂದಿನ ರೈಲಿಗೆ ಬಂದು ವಿಚಾರಿಸುತ್ತೇವೆ” ಎಂದ ದೊರೆ.

“ಬನ್ನಿ ಬುದ್ಧಿ. ನೀವು ಬರೋ ಹೊತ್ತಿಗೆ ನನ್ನ ಕೂಸಿಗೆ ಮದುವೆಯಾಗಿರುತ್ತೆ” ಎಂದು ಎದ್ದು ಬಂದಳು.

ಮೂರನೆಯ ಸಲ ಸುಮ್ಮನೆ ನಿಂತು ನೋಡಿದಳು. ಕುಂಟೆಪಾಳ್ಯ ಬಂದಾಗ ಮಾಯಾವಿ ‘ಈ ಸೀಟು ನನ್ನದಾಗಿರುವವರೆಗೆ’ ಎಂಬ ಮಂತ್ರವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಎಲೆಅಡಿಕೆ ಉಗಿಯಲು ಬಾಗಿಲಿಗೆ ಹೋಗುತ್ತಿದ್ದ. ಮರುದಿನ ಅವನು ಎದ್ದದ್ದೇ ತಡ, ಕೂಸಿನ ಟವೆಲನ್ನು ಉಂಡೆಮಾಡಿ ಕಿಟಕಿಯೊಳಗೆ ಎಸೆದಳು. ಅದು ಸೀಟಿನ ಮೇಲೆ ಬಿತ್ತು. ಆ ಕಡೆಯಲ್ಲೆಲ್ಲ ಟವೆಲ್ ಹಾಕಿದವರದೇ ಸೀಟು. ಅದಕ್ಕೆ ದೊರೆಯ ಶಾಸನ ಬೇಕಿರಲಿಲ್ಲ.

ಮಾಯಾವಿ ಬಂದು ಅದನ್ನು ಸರಿಸಹೋದ. ಎದುರಿಗಿದ್ದ ಮುದುಕಿ ಇಷ್ಟು ದಿನದ ಮೇಲೆ ಬಾಯಿ ಬಿಟ್ಟಳು.

“ಕಣ್ಣು ಕಾಣಲ್ವೇನಯ್ಯಾ? ಟವೆಲ್ ಹಾಕವ್ರೆ.”

“ನಾನು ಮಾಯಾವಿ.”

“ಆಗಿರು, ಯಾರು ಬೇಡ ಅಂದೋರು? ನಿಂತ್ಕೊಂಡು ಆಗಿರು.”

ಬೋಗಿಗೆ ಬೋಗಿಯೇ ಎದ್ದು ಜಗಳಕ್ಕೆ ನಿಂತಿತು. ಮಾಯೆಗೆ ಹೆದರಿದ್ದ ಜನ ಟವೆಲಿನ ವಿಷಯದಲ್ಲಿ ಹೆದರಲಿಲ್ಲ. ಸೀಟು ಅವನದಾಗಿ ಉಳಿಯಲಿಲ್ಲ. ರೈಲು ಹೊಂಗೆ ಮರದ ನೆರಳಿನಲ್ಲೇ ನಿಂತಿತು. ಮಾಯಾವಿ ಮಂತ್ರವೆಲ್ಲ ಮರೆತು, ಕೆಳಗಿಳಿದು, ನಡೆದೇ ರಾಜ್ಯ ಬಿಟ್ಟು ಹೋದ.

ಮರಿಸಿದ್ದ ಇಳಿದು ಬಂದ. “ಸಾರು ಹಳಸಿರಬೇಕು” ಎಂದ.

“ನಿನ್ನ ಮುಖ ನೋಡ್ಕೋ, ಸಾರೇ ವಾಸಿ” ಎಂದಳು ಚೆನ್ನಾಜಿ. ಹಾಗೆನ್ನುತ್ತ ಕೂಸನ್ನು ಅವನ ಮುಂದೆ ಹಿಡಿದಳು.

ಕೂಸು ಅಪ್ಪನ ಗಡ್ಡ ಮುಟ್ಟಿ ನೋಡಿತು. ಮೂಗು ಹಿಡಿದು ನೋಡಿತು. ಕೊನೆಗೆ ಕೈಚಾಚಿ ಅವನ ಹೆಗಲಿಗೆ ಹೋಯಿತು. ಅಲ್ಲಿಯವರೆಗೆ ಕಾದಿದ್ದ ರೈಲು ಆಗ ಸಿಳ್ಳೆ ಹಾಕಿ ಹೊರಟಿತು. ಕಂಚಿನಕೋಟೆಯವರೆಲ್ಲ ಬಹುಕಾಲ ಸುಖವಾಗಿ ಬಾಳಿದರು. ಈಗಿನ ರೈಲುಗಳಿಗೆ ಅಷ್ಟು ಪುರುಸೊತ್ತಿಲ್ಲ.