ಜಾವಗಲ್ ಬಸ್ಸಿನಲ್ಲಿ ಹೋದ ಲ್ಯಾಪ್‌ಟಾಪ್

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹಳೇಬೀಡು ಠಾಣೆಗೆ ಬಂದ ಮೋಹನ್‌ಕುಮಾರ್ ಕಂಪನಿ ಕೊಟ್ಟ ಬ್ಯಾಗನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಅರಸೀಕೆರೆಯ ಖಾಸಗಿ ಬೆಳೆವಿಮೆ ಕಂಪನಿಯೊಂದರಲ್ಲಿ ಅವನ ನೌಕರಿ. ತೋಟ, ಹೊಲ ಸುತ್ತಿ ಬೆಳೆಯ ವಿವರ ತುಂಬಬೇಕು. ಕಂಪನಿಯವರು ತೀರಾ ಹಗುರವಾದ ಹೊಸ ಲ್ಯಾಪ್‌ಟಾಪ್ ಒಂದನ್ನು ಅವನ ಕೈಗೆ ಕೊಟ್ಟು, ಕೆಲವು ದಿನ ಹೊತ್ತು ತಿರುಗಿ ಹೇಗಿದೆ ಹೇಳು, ಚೆನ್ನಾಗಿದ್ದರೆ ಎಲ್ಲರಿಗೂ ಕೊಳ್ಳೋಣ ಎಂದಿದ್ದರು. ಈಗ ಅದೇ ಮಾಯ.

"ಎಲ್ಲಿ ಹೋಯ್ತು?" ಸಬ್ ಇನ್‌ಸ್ಪೆಕ್ಟರ್ ಚನ್ನೇಶ್ ಕೇಳಿದರು.

"ಅರಸೀಕೆರೆಯಿಂದ ಬರೋ ಬಸ್ಸಲ್ಲಿ ಸಾರ್. ಕಾಲಿಡಕ್ಕೂ ಜಾಗ ಇರ್ಲಿಲ್ಲ. ಸೀಟಲ್ಲಿದ್ದ ಒಂದಜ್ಜಿ, ಬ್ಯಾಗ್ ಕೊಡಪ್ಪ ಅಂತ ಇಸ್ಕೊಂಡು ತೊಡೆ ಮೇಲಿಟ್ಕೊಂಡ್ರು. ಹಳೇಬೀಡಲ್ಲಿ ಕೂಗಿದೆ, ಕೈಯಿಂದ ಕೈಗೆ ದಾಟಿಸಿದ್ರು. ತೋಟದಲ್ಲಿ ಬಿಚ್ಚಿ ನೋಡ್ತೀನಿ, ಬರೀ ಚಾರ್ಜರು, ಊಟದ ಡಬ್ಬಿ."

"ಎತ್ಕೊಂಡಾಗ ಗೊತ್ತಾಗ್ಲಿಲ್ವೇನ್ರೀ?"

"ಅದಕ್ಕೆ ಭಾರನೇ ಇಲ್ಲ ಸಾರ್. ಇದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ. ಸಿಗ್ದಿದ್ರೆ ನನ್ ಕೆಲ್ಸ ಹೋಗ್ತದೆ. ಕೈ ಮುಗೀತೀನಿ."

ಬಸ್ಸಿನಲ್ಲಿ ಕೂತವರು ನಿಂತವರ ಬ್ಯಾಗು ಇಸಿದುಕೊಳ್ಳುವುದು ಈ ಕಡೆಯ ಮರ್ಯಾದೆ. ಯಾರೂ ಹೆಸರು ಕೇಳುವುದಿಲ್ಲ, ಮುಖ ನೋಡುವುದಿಲ್ಲ. ಇಷ್ಟು ವರ್ಷ ಯಾರದೂ ಏನೂ ಹೋಗಿರಲಿಲ್ಲವೆಂಬುದೇ ದೊಡ್ಡದು! ಚನ್ನೇಶ್ ಕಳವಿನ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಅರುಣಾ ಜೊತೆ ಬಸ್ಸಿನ ಕಂಡಕ್ಟರ್ ಪುಟ್ಟರಾಜುವನ್ನು ಹಿಡಿದರು.

"ಅಜ್ಜಿನಾ? ವೀಳ್ಯದೆಲೆ ಮಾರೋ ದ್ಯಾವಮ್ಮ ಸಾರ್. ದಿನಾ ಜಾವಗಲ್‌ನಲ್ಲೇ ಇಳೀತದೆ."

ಜಾವಗಲ್ ಬರುವುದು ಹಳೇಬೀಡಿಗಿಂತ ಮೊದಲು. ಹಾಗಾದರೆ ಅಲ್ಲಿಂದ ಮುಂದೆ ಬ್ಯಾಗು ಇನ್ಯಾರದೋ ತೊಡೆಯ ಮೇಲಿತ್ತು.

ದ್ಯಾವಮ್ಮ ಪೊಲೀಸರನ್ನು ಕಂಡದ್ದೇ ತಡ, ಸಿಡಿದೆದ್ದಳು. "ಈ ವಯಸ್ಸಲ್ಲಿ ನನ್ ಮೇಲೆ ಕಳ್ತನ ಹೊರಿಸ್ತೀರಾ? ನಿಮ್ ಬಾಯಿಗ್ ಮಣ್ಣಾಕ!"

"ಯಾರೂ ಹೊರಿಸ್ತಿಲ್ಲ ಕಣಜ್ಜಿ," ಅರುಣಾ ಅಂದಳು. "ಇಳಿಯೋವಾಗ ಬ್ಯಾಗ್ ಯಾರಿಗ್ ಕೊಟ್ಟೆ?"

"ಪಕ್ಕದಲ್ಲಿ ಕಿಟಕಿ ಹತ್ರ ಒಂದ್ ಹೆಣ್ಮಗ ಕೂತಿತ್ತು. ಅವಳ ತೊಡೆ ಮೇಲಿಟ್ಟೆ. ಧೂಳು ಅಂತ ಮುಖಕ್ಕೆ ವೇಲ್ ಸುತ್ಕಂಡಿತ್ತು. ಕಾಲ್ ಹತ್ರ ಅವಳದೂ ಅಂಥದ್ದೇ ಬ್ಯಾಗು. ಪಾಪ, ಬಸ್ಸು ಕುಲುಕಿದಾಗೆಲ್ಲ ಸೊಂಟ ಹಿಡ್ಕಂಡು ಅಳೋಳು ಕಣವ್ವ."

ಆ ಕಂಪನಿಯ ಬ್ಯಾಗು ಹೊತ್ತು ಆ ದಾರಿಯಲ್ಲಿ ಓಡಾಡುವ ಹೆಂಗಸು ಒಬ್ಬಳೇ, ಮೋಹನ್‌ಕುಮಾರ್‌ನ ಸಹೋದ್ಯೋಗಿ ನಂದಿತಾ. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಕಡೆ ಅವಳ ಕೆಲಸ. ಹೆಸರು ಕೇಳಿ ಮೋಹನ್‌ಕುಮಾರ್ ಕಕ್ಕಾಬಿಕ್ಕಿಯಾದ.

"ಅವಳಾ? ಮೊನ್ನೆ ತಾನೆ ಬಂದು, ‘ಚೆನ್ನಾಗಿದೆ ಅಂತ ಹೇಳಣ್ಣ, ಎಲ್ರಿಗೂ ತರಿಸ್ತಾರೆ’ ಅಂತ ಗೋಗರೆದಿದ್ಲು ಸಾರ್."

"ನೀವೇನಂದ್ರಿ?"

"ಕೀಗಳು ಚಿಕ್ಕವು, ಬೇಡ ಅಂತ ಹೇಳ್ತೀನಿ ಅಂದೆ. ನನಗೆ ಹಳೇದೇ ಸಾಕು."

ಮಂಗಳವಾರ ಮಧ್ಯಾಹ್ನ ಗೆಂಡೆಹಳ್ಳಿಯ ಗದ್ದೆ ಬದುವಿನ ಮೇಲೆ ನಂದಿತಾ ಸಿಕ್ಕಳು. ಖಾಕಿ ಕಂಡು ಏಳಲು ಹೋದವಳು ನೋವಿಗೆ ಮತ್ತೆ ಕೂತುಬಿಟ್ಟಳು.

"ಬ್ಯಾಗ್ ಕೊಡಿ, ಹಿಡ್ಕೋತೀನಿ," ಅರುಣಾ ಕೈ ಚಾಚಿದಳು.

ನಂದಿತಾ ಬ್ಯಾಗನ್ನು ಎದೆಗವಚಿಕೊಂಡಳು. ಆಮೇಲೆ ಕೊಟ್ಟಳು. ಅರುಣಾ ಅದನ್ನು ಎರಡು ಬೆರಳಲ್ಲಿ ಎತ್ತಿ ಚನ್ನೇಶರ ಮುಖ ನೋಡಿದಳು. ಊರಿನ ಇಬ್ಬರು ಪಂಚರ ಎದುರು ಬ್ಯಾಗು ಬಿಚ್ಚಿ, ಪಂಚನಾಮೆ ನಡೆಸಿ ಆ ಹೊಸ ಲ್ಯಾಪ್‌ಟಾಪನ್ನು ವಶಪಡಿಸಿಕೊಂಡರು.

"ಯಾಕಮ್ಮ?"

"ಸ್ಕೂಟಿಯಿಂದ ಬಿದ್ದಾಗಿಂದ ಬೆನ್ನಿನ ಮೂಳೆ ಜಾರಿದೆ ಸಾರ್. ಭಾರ ಎತ್ಲೇಬೇಡಿ ಅಂದ್ರು ಡಾಕ್ಟ್ರು. ಹಳೇ ಲ್ಯಾಪ್‌ಟಾಪ್ ಹೊತ್ರೆ ಸಾಯೋ ನೋವು. ಆಫೀಸಲ್ಲಿ ಹೇಳಿದ್ರೆ ಮನೇಲಿರು ಅಂತಾರೆ. ಅಮ್ಮಂಗೂ ಮಗಳಿಗೂ ನಾನೇ ದಿಕ್ಕು. ಅಜ್ಜಿ ಮೋಹನಣ್ಣನ ಬ್ಯಾಗನ್ನ ನನ್ ತೊಡೆ ಮೇಲೇ ಇಟ್ಬಿಟ್ರು ಸಾರ್..."

"ಸಿಕ್ಕಿಬೀಳ್ತೀನಿ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು. ಹಳೇದನ್ನ ಊರಲ್ಲೊಬ್ರ ಮನೇಲಿಟ್ಟು, ನಿನ್ನೆ ಒಂದಿನ ಅಳದೆ ಕೆಲ್ಸ ಮಾಡ್ದೆ."

ಸೂರ್ಯ ಮುಳುಗುವ ಮುನ್ನ ಅರುಣಾ ಅವಳನ್ನು ದಸ್ತಗಿರಿ ಮಾಡಿ ಠಾಣೆಗೆ ಕರೆತಂದಳು. ಚನ್ನೇಶ್ ಸ್ವ-ಇಚ್ಛಾ ಹೇಳಿಕೆ ಬರೆದುಕೊಳ್ಳಲು ಕೂತರು.

"ಬೆನ್ನಿನ ವಿಷಯ ಎಲ್ಲಾ ಹೇಳಮ್ಮ, ಬರ್ಕೋತೀನಿ. ಜಾಮೀನಿಗೆ ಅನುಕೂಲ ಆಗ್ತದೆ."

ಅಲ್ಲಿಯವರೆಗೆ ತಲೆ ತಗ್ಗಿಸಿದ್ದವಳು ಮೇಜನ್ನೇ ಹಿಡಿದುಕೊಂಡಳು. "ಬೇಡ ಸಾರ್, ನಿಮ್ ದಮ್ಮಯ್ಯ! ನಾನಿನ್ನೆಲ್ಲಾದ್ರೂ ಕೆಲ್ಸ ಕೇಳ್ಬೇಕು. ಕಳ್ಳಿ ಅಂದ್ರೂ, ಹೋಗ್ಲಿ ಪಾಪ ಅಂತ ಯಾರಾದ್ರೂ ಕೊಟ್ಟಾರು. ಭಾರ ಎತ್ತಕ್ಕಾಗದೋಳು ಅಂದ್ರೆ ಬಾಗಿಲಿಂದಲೇ ಕಳಿಸ್ತಾರೆ."

"ಮತ್ತೆ ಕಾರಣ ಏನಂತ ಹೇಳ್ತೀಯ?"

"ಆಸೆಯಾಯ್ತು ಅಂತ."

ಚನ್ನೇಶ್ ಅವಳು ಹೇಳಿದಂತೆಯೇ ಬರೆದುಕೊಂಡರು. ನಂದಿತಾ ಪೂರ್ತಿ ಓದಿ ನೋಡಿ ಸಹಿ ಹಾಕಿದಳು.