ಮೆತ್ತೆಯವನ ಮೌನ

ಆ ಹೆಂಗಸು ಕನ್ನಡಕಕ್ಕಾಗಿ ಬಂದವಳಲ್ಲ ಎಂಬುದು ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದ ಭಾವಮೈದನಿಗೆ ಬೇಗನೆ ಗೊತ್ತಾಯಿತು. ಗೋಡೆಯ ಹಲಗೆಯಲ್ಲಿದ್ದ ಅಕ್ಷರಗಳನ್ನು, ತೀರ ಕೆಳಗಿನ ಸೊಳ್ಳೆಗಾತ್ರದವನ್ನೂ ಬಿಡದೆ, ಒಂದೇ ಉಸಿರಿಗೆ ಓದಿ ಮುಗಿಸಿದಳು. ಮುಗಿಸಿ ಕುರ್ಚಿಯಿಂದ ಏಳಲೇ ಇಲ್ಲ.

"ಕಣ್ಣು ಚೆನ್ನಾಗಿದೆಯಲ್ಲಮ್ಮ. ಕಾಣ್ತಾ ಇಲ್ಲ ಅಂದ್ರಿ. ಏನು ಕಾಣ್ತಾ ಇಲ್ಲ?" ಎಂದ ಭಾವ.

"ನಮ್ಮಣ್ಣ ಸಾರ್," ಎಂದಳು. "ಅವರಿವರ ಮಾತು ಕೇಳೀ ಕೇಳೀ ನಮ್ಮಣ್ಣನೇ ಕಾಣದ ಹಾಗಾಗಿದಾನೆ."

ಕನ್ನಡಕ ಮಾರುವುದು ಭಾವನ ಹೊಟ್ಟೆಪಾಡು, ಪೊಲೀಸರು ಕೈಬಿಟ್ಟ ಗಂಟುಗಳನ್ನು ಬಿಡಿಸುವುದು ಅವನ ಚಟ. ಅಕ್ಕನನ್ನು ಕೊಟ್ಟ ತಪ್ಪಿಗೆ ಭಾವಮೈದ ಎರಡಕ್ಕೂ ಸಹಾಯಕ. ಮೈಗೆ ಇರುವೆ ಬಿಟ್ಟುಕೊಂಡವನಂತೆ ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಆಸಾಮಿ. ಆದರೆ ಆ ಹೆಂಗಸು ಯಾರೆಂದು ಹೊಳೆದಾಗ ಅವನ ಕೈಯ ಗಾಜು ಒರೆಸುವ ಬಟ್ಟೆ ಅಲ್ಲೇ ನಿಂತಿತು. ಅವಳು ಮೆತ್ತೆಯವನ ತಂಗಿ.

ಮೆತ್ತೆಯವನನ್ನು ಅರಿಯದವರು ಯಾರಿದ್ದರು? ಲೈಬ್ರರಿಯ ಪಕ್ಕದ ಕಟ್ಟಡದಲ್ಲಿ, ಕೆಳಗಿನ ಅಂಗಡಿಯಲ್ಲಿ ಕೂತು ಕುರ್ಚಿ ಸೋಫಾಗಳಿಗೆ ಮೆತ್ತೆ ಹೊದಿಸಿ ಮೊಳೆ ಹೊಡೆಯುತ್ತಿದ್ದವನು. ಕಳೆದ ವರ್ಷ ಅಂಗಡಿಯ ಯಜಮಾನ ತಲೆಗೆ ಸುತ್ತಿಗೆಯ ಪೆಟ್ಟು ಬಿದ್ದು ಸತ್ತ. ಒಂದು ಕುರ್ಚಿ ತಲುಪಿಸಲು ಹೋಗಿದ್ದೆ, ಆ ಮನೆಗೆ ಬೀಗವಿತ್ತು, ಮೆಟ್ಟಿಲ ಮೇಲೆ ಕಾದು ಕಾದು ವಾಪಸು ಬಂದೆ, ಯಜಮಾನ ಬಿದ್ದಿದ್ದ, ಎತ್ತಲು ಹೋದೆ ಎಂದ ಮೆತ್ತೆಯವ. ಅಂಗಿಯ ತುಂಬ ರಕ್ತ. ದಾರಿಯಲ್ಲಿ ಕಂಡವರು ಯಾರೂ ಇಲ್ಲ. ಮಹಡಿಯ ಮೇಲಿನ ಪಿಟೀಲು ಮೇಷ್ಟ್ರು ಜಗಳವನ್ನು ಕಿವಿಯಾರೆ ಕೇಳಿದೆನೆಂದು ಸಾಕ್ಷಿ ಹೇಳಿದರು. ಜೀವಾವಧಿ ಶಿಕ್ಷೆಯಾಯಿತು.

"ಬರೋ ವಾರ ಮೇಲ್ಮನವಿ ವಿಚಾರಣೆ," ಎಂದಳು ತಂಗಿ. "ಅದಕ್ಕೆ ಮೊದಲು ಒಂದು ಸಲ ನೋಡೋಕೆ ಬಿಡ್ತಾರೆ. ಹೋದ ಸಲ ಹೋದಾಗ ಅಣ್ಣ ಒಂದೇ ಮಾತು ಕೇಳಿದ, 'ನೀನೂ ನಂಬ್ತೀಯಾ?' ಅಂತ. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ ಸಾರ್. ನಾನು ಕೆಲಸ ಮಾಡೋ ಬ್ರೆಡ್ ಕಾರ್ಖಾನೆಯಲ್ಲಿ, ಬಸ್ಸಲ್ಲಿ, ಎಲ್ಲ ಕಡೆ ಅದೇ ಮಾತು. ಚಿಕ್ಕಂದಿನಲ್ಲೇ ಕ್ರೂರಿ ಆಗಿದ್ನಂತೆ, ಅಪ್ಪ ಹೊಡೆದೂ ಹೊಡೆದೂ ಹಾಗಾದ್ನಂತೆ. ನಮ್ಮಪ್ಪ ಒಂದು ಏಟು ಹಾಕಿದೋರಲ್ಲ! ಆದ್ರೆ ನಿದ್ದೆ ಬರದೆ ಬಿದ್ಕೊಂಡಾಗ ನಾನೇ ಹುಡುಕೋಕೆ ಶುರುಮಾಡ್ತೀನಿ, ಹೊಡೆದಿದ್ರೇನೋ, ನನಗೆ ಮರೆತಿದೆಯೇನೋ ಅಂತ. ಅವನು ಮಾಡಿದಾನೋ ಇಲ್ವೋ, ಯಾವುದಾದ್ರೂ ಒಂದು ಹೇಳಿಬಿಡಿ."

"ಮನೆಯಲ್ಲಿ ಹೇಗಿರ್ತಿದ್ದ?" ಎಂದ ಭಾವ.

"ಎಲ್ಲರ ಅಣ್ಣಂದಿರ ಹಾಗೇ. ನನ್ನ ತಟ್ಟೆಯಿಂದ ಕದ್ದು ತಿಂತಿದ್ದ. ಭಾರಿ ಹರಟೆಮಲ್ಲ. ಕೆಲಸಕ್ಕೆ ಕೂತ್ರೆ ಮಾತ್ರ ಊಟಕ್ಕೆ ಕರೆದ್ರೂ ಬರೀ ಹ್ಞೂಂ. ಬಾಯಿ ತುಂಬ ಮೊಳೆ ಇಟ್ಕೊಳ್ಳೋನು, ಒಂದಿನ ನುಂಗಿ ಸಾಯ್ತೀಯ ಅಂತ ಬೈತಿದ್ದೆ. ಹೆಂಡತಿ ಬರಲಿ ಬುದ್ಧಿ ಕಲಿಸ್ತಾಳೆ ಅಂತಿದ್ದೆ. ಈಗ ಯಾರು ಬರ್ತಾರೆ?" ಅವಳು ಕಣ್ಣೊರೆಸಿಕೊಂಡಳು.

ಅವಳು ಹೋದ ಮೇಲೆ ಭಾವಮೈದ ಅಂಗಡಿಯ ಉದ್ದಗಲ ಅಳೆಯತೊಡಗಿದ. "ಪಾಪ ಅನ್ಸುತ್ತೆ ಭಾವ. ಆದ್ರೆ ಅವನೇ ಮಾಡಿದ್ದು. ದಿನಾ ಆ ದಾರೀಲಿ ಹೋಗ್ತಾ ನಮಸ್ಕಾರ ಅಂತಿದ್ದೆ. ಒಂದು ದಿನ ಬಾಯಿಬಿಟ್ಟು ತಿರುಗಿ ನಮಸ್ಕಾರ ಅಂದಿದ್ರೆ ಕೇಳಿ! ಹಾಗೇ ದಿಟ್ಟಿಸಿ ನೋಡಿ ತಲೆಯಾಡಿಸೋನು. ಎದೇಲಿ ವಿಷ ಇಟ್ಕೊಂಡೋರು ಹಾಗೇ."

"ಭಲೇ! ಇದನ್ನ ಎಲ್ಲಿ ಕಲಿತೆ?"

"ಲೈಬ್ರರಿ ಕೂಟದಲ್ಲಿ. ಭಾನುವಾರ ಸಂಜೆ ಸೇರ್ತೀವಲ್ಲ."

"ಸರಿ, ಈ ಭಾನುವಾರ ನಾನೂ ಬರ್ತೀನಿ," ಎಂದ ಭಾವ. ಅವನು ಹಾಗೆ ಮೆತ್ತಗೆ ಹೇಳಿದನೆಂದರೆ ಯಾರಿಗೋ ಗ್ರಹಚಾರ ಕಾದಿದೆಯೆಂದೇ ಅರ್ಥ.

ಓದುವ ಕೋಣೆಯ ಉದ್ದ ಮೇಜಿನ ಸುತ್ತ ಅಂದು ಹತ್ತಾರು ಜನ. ಕೊಲೆಗಾರನ ಮನಸ್ಸನ್ನು ಈರುಳ್ಳಿಯಂತೆ ಸುಲಿಯುವುದೇ ಆ ಕೂಟದ ಉದ್ಯೋಗ. ಒಬ್ಬೊಬ್ಬರದೂ ಒಂದೊಂದು ಸಿದ್ಧಾಂತ, ಊರ ಬಾಯಿಗೆ ಬೀಗ ಹಾಕುವವರು ಯಾರು? ಶುರುಮಾಡಿದವರು ಕನ್ನಡಕ ಮೂಗಿನ ತುದಿಗಿಳಿಸಿದ ಲೈಬ್ರರಿಯವರು.

"ಮೌನ ನೋಡಿ, ಮೌನ! ಮಾತಾಡಿಸಿದ್ರೆ ಉತ್ತರ ಕೊಡ್ತಿರಲಿಲ್ಲ. ಬಾಲ್ಯದಲ್ಲಿ ಪ್ರೀತಿ ಸಿಗದ ಲಕ್ಷಣ ಅದು. ಸತ್ತವನ ಮುಷ್ಟೀಲಿ ಎರಡು ಹತ್ತಿ ಉಂಡೆ ಇತ್ತಲ್ಲ, ಪೇಪರಲ್ಲಿ ಬಂದಿತ್ತು. ಅದು ತಾಯಿ ಮಡಿಲಿನ ಸಂಕೇತ. ಕೊಂದವನೇ ಇಟ್ಟಿದ್ದು."

"ಅಯ್ಯೋ, ತಾಯಿ ಮಡಿಲು ಎಲ್ಲಿ, ಹತ್ತಿ ಎಲ್ಲಿ!" ಎಂದು ನಕ್ಕಳು ಎದುರಿನ ಔಷಧಿ ಅಂಗಡಿಯಾಕೆ. "ನನ್ನ ಕೇಳಿದ್ರೆ ಹೊಟ್ಟೆಕಿಚ್ಚು. ಯಜಮಾನನಿಗೆ ಸಂಸಾರ ಇತ್ತು, ಇವನಿಗಿಲ್ಲ."

"ಮೆತ್ತೆ ಅಂಗಡಿ ತುಂಬ ಹತ್ತಿನೇ ಅಲ್ವೇ? ಸಾಯುವವನ ಕೈಗೆ ಸಿಕ್ಕಿರುತ್ತೆ. ಅದರಲ್ಲೇನೂ ಇಲ್ಲ," ಎಂದರು ಪಿಟೀಲು ಮೇಷ್ಟ್ರು. ಸಣಕಲು ಮೈಯ, ಮೃದು ಮಾತಿನ ಮನುಷ್ಯ. ಸಾಕ್ಷಿ ಹೇಳಿದವರಾದ್ದರಿಂದ ಕೂಟದಲ್ಲಿ ಅವರ ಮಾತಿಗೆ ತೂಕ ಹೆಚ್ಚು. "ಕಾರಣ ಬಾಲ್ಯವೂ ಅಲ್ಲ, ಹೊಟ್ಟೆಕಿಚ್ಚೂ ಅಲ್ಲ. ಸದ್ದು. ಬೆಳಗಿಂದ ಸಂಜೆವರೆಗೆ ಟಕ್ ಟಕ್ ಟಕ್. ಊಟ ಮಾಡುವಾಗಲೂ ತಲೆಯೊಳಗೆ ಅದೇ, ಮಲಗಿದರೂ ಅದೇ. ದೇವರಂಥ ಮನುಷ್ಯನಾದರೂ ಒಂದು ದಿನ ಎದ್ದು ನಿಂತು 'ಸಾಕು' ಅಂತಾನೆ. ಆವತ್ತು ಹಾಗೇ ಆಯಿತು. ಮೊಳೆ ಹೊಡೆಯುವ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ. ಹೊಡೆಯುತ್ತ ಹೊಡೆಯುತ್ತಲೇ ಕೂಗಾಡ್ತಿದ್ದ, 'ನಿನ್ನ ಮುಗಿಸಿಬಿಡ್ತೀನಿ' ಅಂತ. ಒಂದೊಂದು ಮಾತೂ ನನಗೆ ಸ್ಪಷ್ಟವಾಗಿ ಕೇಳ್ತು. ಆಮೇಲೆ ದೊಪ್ಪಂತ ಸದ್ದು."

ಎಲ್ಲರೂ ಹೌದು ಹೌದೆಂದು ತಲೆದೂಗಿದರು. ಭಾವಮೈದನೂ ತೂಗಿದ. ಭಾವ ಮಾತ್ರ ತೂಗಲಿಲ್ಲ. ಹಿಂದಿರುಗುವಾಗ ಔಷಧಿ ಅಂಗಡಿಗೆ ನುಗ್ಗಿ ಆಕೆಯ ಜೊತೆ ಏನನ್ನೋ ಪಿಸುಗುಟ್ಟಿ, ಹತ್ತಿಯ ಒಂದು ಪೊಟ್ಟಣ ಕೊಂಡು ಬಂದ. ಮರುದಿನ ಕೇಸು ನಡೆಸಿದ್ದ ಇನ್‌ಸ್ಪೆಕ್ಟರನ್ನು ಕಂಡು ಬಂದ. ಭಾವಮೈದ ಕೇಳಿ ಕೇಳಿ ಬಾಯಿ ನೋಯಿಸಿಕೊಂಡನೇ ಹೊರತು ಭಾವನಿಂದ ಒಂದಕ್ಷರ ಹೊರಡಲಿಲ್ಲ. ಅವನಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು. ಕಣ್ಣು ಮುಚ್ಚಿದರೆ ಆ ತಂಗಿಯ ಮುಖ, ತೆರೆದರೆ ತನ್ನದೇ ಮಾತು: ಎದೇಲಿ ವಿಷ ಇಟ್ಕೊಂಡೋರು ಹಾಗೇ.

ಕೂಟವನ್ನು ಭಾವ ಎರಡೇ ದಿನದಲ್ಲಿ ಮತ್ತೆ ಸೇರಿಸಿದ. ಈ ಸಲ ಇನ್‌ಸ್ಪೆಕ್ಟರೂ ಬಂದಿದ್ದರು. ತಂಗಿ ಬಾಗಿಲ ಬಳಿ ಕೂತಿದ್ದಳು. ಅವಳನ್ನು ಕಂಡು ಸಿದ್ಧಾಂತಿಗಳೆಲ್ಲ ಮೇಜಿನ ಮರದ ಗೆರೆಗಳನ್ನು ಓದತೊಡಗಿದರು.

"ಕಣ್ಣು ಪರೀಕ್ಷೆ ಮಾಡುವಾಗ ನಾನು ಎರಡು ಗಾಜು ಹಿಡಿದು, ಇದು ಸ್ಪಷ್ಟವೋ ಅದು ಸ್ಪಷ್ಟವೋ ಅಂತ ಕೇಳ್ತೀನಿ," ಎಂದು ಶುರುಮಾಡಿದ ಭಾವ. "ನೀವೆಲ್ಲ ಒಂದೇ ಗಾಜಲ್ಲಿ ನೋಡಿದ್ರಿ. ಯಾಕೆ ಕೊಂದ, ಯಾಕೆ ಕೊಂದ ಅಂತ. ಕೊಂದನೇ ಅಂತ ಕೇಳಲಿಲ್ಲ. ಈಗ ಇನ್ನೊಂದು ಗಾಜು ಹಾಕೋಣ." ತಿರುಗಿ ಭಾವಮೈದನನ್ನು ಕರೆದ. "ಬಾರೋ ಇಲ್ಲಿ. ಬಾಯಿ ತೆರಿ."

ಭಾವಮೈದ ತೆರೆದ. ಭಾವ ಒಂದು ಹಿಡಿ ಗುಂಡುಮೊಳೆಗಳನ್ನು ಅವನ ಬಾಯಿಗೆ ಸುರಿದು, ಕೈಗೆ ಸುತ್ತಿಗೆ ಕೊಟ್ಟ. "ಮೆತ್ತೆ ಕೆಲಸದ ರೀತಿ ಇದೇ. ಒಂದು ಕೈ ಬಟ್ಟೆಯನ್ನ ಬಿಗಿಯಾಗಿ ಎಳೆದು ಹಿಡೀಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆಗೆ ಮೂರನೇ ಕೈ ಎಲ್ಲಿಂದ ತರೋದು? ನಾಲಿಗೆಯಿಂದ ಒಂದೊಂದೇ ತುಟಿಗೆ ತಂದು, ಅಲ್ಲಿಂದ ಸುತ್ತಿಗೆಯ ಅಯಸ್ಕಾಂತದ ತುದೀಲೇ ತಗೊಂಡು ಹೊಡೀತಾರೆ. ಹ್ಞಾಂ, ಈಗ ಹೊಡೀತಾ ಹೊಡೀತಾ 'ನಿನ್ನ ಮುಗಿಸಿಬಿಡ್ತೀನಿ' ಅಂತ ಜೋರಾಗಿ ಕೂಗು."

ಭಾವಮೈದ ಕಣ್ಣು ಕಣ್ಣು ಬಿಟ್ಟ. "ಹ್ಞೂಂ... ಹ್ಞೂಂ," ಎಂದ. ಹುಟ್ಟಿದಂದಿನಿಂದ ಸುಮ್ಮನಿರದವನು ಸುಮ್ಮನಾದದ್ದು ಕಂಡು ಔಷಧಿ ಅಂಗಡಿಯಾಕೆ ಕಿಸಕ್ಕನೆ ನಕ್ಕಳು. ಆಮೇಲೆ ನಗು ನಿಂತಿತು. ಲೈಬ್ರರಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಒಂದು ವರ್ಷ ಸುಲಿದ ಮೌನ ಇಷ್ಟೇ," ಎಂದ ಭಾವ. "ಮನೇಲಿ ಅವನು ಹರಟೆಮಲ್ಲ, ಬೇಕಾದ್ರೆ ಅವನ ತಂಗೀನ ಕೇಳಿ."

"ಮೊಳೆ ಉಗುಳಿ ಕೂಗಿರಬಹುದಲ್ಲ?" ಎಂದರು ಇನ್‌ಸ್ಪೆಕ್ಟರು.

"ಉಗುಳಿದ್ರೆ ಸುತ್ತಿಗೆ ನಿಲ್ಲಬೇಕು. ಒಂದು ಕ್ಷಣವೂ ನಿಲ್ಲಲಿಲ್ಲ ಅಂತ ಮೇಷ್ಟ್ರ ಸಾಕ್ಷಿ. ವರ್ಷಗಟ್ಟಲೆ ಆ ಸದ್ದು ಕೇಳಿದೋರು, ಸದ್ದು ಮಾಡೋನ ಮುಖ ಒಂದು ದಿನವೂ ನೋಡಿಲ್ಲ. ಹಾಗಾಗಿ ಕಟ್ಟಿದ ಕತೆಯಲ್ಲಿ ಅವನ ಬಾಯಿ ಖಾಲಿ ಇತ್ತು." ಭಾವ ಔಷಧಿ ಅಂಗಡಿಯಾಕೆಯತ್ತ ತಿರುಗಿದ. "ಭಾನುವಾರ ನನಗೆ ಹೇಳಿದ್ದನ್ನ ಇಲ್ಲೂ ಹೇಳಿ ತಾಯಿ."

ಆಕೆ ಸೆರಗಿನ ತುದಿಯನ್ನು ತಿರುಚುತ್ತ ಹೇಳಿದಳು. "ಮೇಷ್ಟ್ರು ನನ್ನ ಹತ್ರ ಹತ್ತಿ ತಗೋತಿದ್ರು. ಅಂಗಡಿ ಬಾಗಿಲಲ್ಲೇ ಸಣ್ಣ ಉಂಡೆ ಕಟ್ಟಿ ಕಿವಿಗೆ ತುರುಕಿಕೊಂಡೇ ಹೋಗೋರು. ಪಿಟೀಲು ಪಾಠದ ಹೊತ್ತು ಬಿಟ್ರೆ ಯಾವಾಗಲೂ ಕಿವೀಲಿ ಹತ್ತಿ. ನಾವು ಕೂಗಿ ಮಾತಾಡಬೇಕಿತ್ತು. ಆ ಕೊಲೆ ಆದ ಮೇಲೆ ಅಂಗಡಿಯ ಸದ್ದು ನಿಂತಿತು, ಹತ್ತಿ ಕೊಳ್ಳೋದೂ ನಿಂತಿತು."

"ಕಿವೀಲಿ ಹತ್ತಿ ಇದ್ದೋರಿಗೆ ಕೆಳಗಿನ ಅಂಗಡಿಯ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸ್ತಂತೆ!" ಭಾವ ಜೇಬಿನಿಂದ ಎರಡು ತುಣುಕು ಹತ್ತಿ ತೆಗೆದು ಮೇಜಿನ ಮೇಲಿಟ್ಟ. "ಇದು ಮೆತ್ತೆಗೆ ತುಂಬೋದು. ಕಂದುಬಣ್ಣ, ಬೀಜದ ಚೂರು, ಕಸ. ಇದು ಔಷಧಿ ಅಂಗಡೀದು. ಬೆಳ್ಳಗೆ, ನಯ. ಸತ್ತವನ ಮುಷ್ಟೀಲಿ ಸಿಕ್ಕಿದ್ದು ಯಾವ ಬಣ್ಣ ಇನ್‌ಸ್ಪೆಕ್ಟರೇ?"

ಇನ್‌ಸ್ಪೆಕ್ಟರು ದೊಡ್ಡ ಫೋಟೋ ಒಂದನ್ನು ಮುಂದಿಟ್ಟರು. ತೆರೆದ ಅಂಗೈಯಲ್ಲಿ ಎರಡು ಪುಟ್ಟ ಉಂಡೆ, ಬಿಳಿಯವು.

"ಹತ್ತಿ ಕೋರ್ಟಿನ ಪೆಟ್ಟಿಗೆಯಲ್ಲಿ ಭದ್ರವಾಗಿದೆ," ಎಂದ ಭಾವ. "ಕಿವೀಲಿದ್ದ ಹತ್ತಿ ಅಂದ್ರೆ ಗುಗ್ಗೆ ಅಂಟಿಯೇ ಇರುತ್ತೆ. ಅದು ಯಾರ ಕಿವೀದು ಅಂತ ಪರೀಕ್ಷೆ ಮಾಡಿದ್ರೆ ತಿಳಿಯುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಿಟೀಲು ಮೇಷ್ಟ್ರ ಕೈ ತಾನಾಗಿಯೇ ಮೇಲೇರಿ ಕಿವಿಯನ್ನು ಮುಟ್ಟಿತು. ಕೋಣೆಯಲ್ಲಿದ್ದವರೆಲ್ಲ ಅದನ್ನು ನೋಡಿದರು. ನೋಡಿದರೆಂದು ಅವರಿಗೂ ಗೊತ್ತಾಯಿತು.

"ಭಾನುವಾರ ನೀವು ಹೇಳಿದ ಕಾರಣ ಸರಿಯಾಗೇ ಇತ್ತು ಮೇಷ್ಟ್ರೇ. ಮನುಷ್ಯ ಮಾತ್ರ ಬೇರೆ. ಸದ್ದು ಮಾಡಿದವನು ಹೊಟ್ಟೆಪಾಡಿಗೆ ಮಾಡಿದ. ತಲೆ ಕೆಟ್ಟಿದ್ದು ಕೇಳಿದವನಿಗೆ," ಎಂದ ಭಾವ.

ಮೇಷ್ಟ್ರು ಕಿವಿಯಿಂದ ಕೈ ತೆಗೆದು ಮೇಜಿನ ಮೇಲಿಟ್ಟರು. "ಆವತ್ತು ಸದ್ದು ನಿಂತಿತ್ತು. ಆಳು ಹೊರಗೆ ಹೋಗಿದ್ದಾನೆ, ಯಜಮಾನನೊಬ್ಬನೇ ಇದ್ದಾನೆ, ಕಾಲು ಹಿಡಿದಾದರೂ ಸದ್ದು ತಗ್ಗಿಸೋಕೆ ಕೇಳೋಣ ಅಂತ ಇಳಿದೆ. ಶಿಷ್ಯರೆಲ್ಲ ಬಿಟ್ಟುಹೋಗಿದ್ರು. ಕಿವಿಯಿಂದ ಹತ್ತಿ ಕಿತ್ತು ಅವನ ಕೈಗಿಟ್ಟೆ, ಪಿಟೀಲು ಕಲಿಸೋನ ಗತಿ ನೋಡಪ್ಪ ಅಂತ. ಮುಷ್ಟಿ ಬಿಗಿಹಿಡಿದು ಹೊಟ್ಟೆ ಹಿಡಿದು ನಕ್ಕ. ಸುತ್ತಿಗೆ ಅಲ್ಲೇ ಇತ್ತು." ಆಮೇಲೆ ತಂಗಿಯತ್ತ ನೋಡದೆಯೇ ಸೇರಿಸಿದರು, "ಎಲ್ಲರೂ ಅವನದೇ ಕತೆ ಹೇಳ್ತಿದ್ರು ಕಣಮ್ಮ. ಹೇಳ್ತಾ ಹೇಳ್ತಾ ನನಗೂ ಅದೇ ನಿಜ ಅನ್ನಿಸಿಬಿಡ್ತು."

"ನಿಮಗೆ ಅನ್ನಿಸಿತು. ಒಳಗಿರೋನು ಅವನು!" ಎಂದು ತಂಗಿ ಚೀರಿದಳು. ಬಾಯಲ್ಲಿ ಇನ್ನೂ ಮೊಳೆಗಳಿದ್ದ ಭಾವಮೈದನ ಕಣ್ಣಲ್ಲಿ ನೀರು ಬಂತು.

ವಿಚಾರಣೆಯ ಹಿಂದಿನ ದಿನ ತಂಗಿಯ ಜೊತೆ ಜೈಲಿಗೆ ಹೋದವನು ಭಾವಮೈದನೇ. ಹೋಗೆಂದು ಭಾವ ಹೇಳಿರಲಿಲ್ಲ. ತಂತಿ ಜಾಲರಿಯ ಆಚೆ ಮೆತ್ತೆಯವ ಬಂದು ನಿಂತ. ಇಳಿದುಹೋಗಿದ್ದ. ಸುದ್ದಿ ಅವನಿಗಾಗಲೇ ಮುಟ್ಟಿತ್ತು.

"ನಮಸ್ಕಾರ," ಎಂದ ಭಾವಮೈದ. ಮೆತ್ತೆಯವ ಹಳೆಯ ರೀತಿಯಲ್ಲೇ ತಲೆಯಾಡಿಸಿದ.

"ಅಣ್ಣ, ಹೋದ ಸಲ ನೀನು ಒಂದು ಮಾತು ಕೇಳಿದ್ದೆ," ಎಂದಳು ತಂಗಿ. ದಾರಿಯುದ್ದಕ್ಕೂ ಅವಳು ಬೇರೆ ಉತ್ತರವನ್ನು ಕಲಿತುಕೊಂಡು ಬಂದಿದ್ದಳು, ಭಾವಮೈದನಿಗೆ ಗೊತ್ತಿತ್ತು. ಅದು ಬಾಯಿಗೆ ಬರಲಿಲ್ಲ. "ನಂಬಿದ್ದೆ ಕಣೋ. ಕೆಲವು ದಿನ ನಾನೂ ನಂಬಿಬಿಟ್ಟಿದ್ದೆ."

ಅಣ್ಣ ಅವಳನ್ನೇ ನೋಡುತ್ತ ನಿಂತ.

"ಸುಮ್ನೆ ನಿಲ್ಲಬೇಡವೋ. ಈಗ ಬಾಯಲ್ಲಿ ಮೊಳೆ ಇಲ್ವಲ್ಲ. ಬೈಯಾದ್ರೂ ಬೈ!"

ಅವನು ಜಾಲರಿಗೆ ಬೆರಳು ಸಿಕ್ಕಿಸಿ ಹತ್ತಿರ ಬಂದ.

"ಹೇಗೆ ಬೈಯಲೇ," ಎಂದ. "ಅಷ್ಟು ಜನ ಅಷ್ಟು ಸಲ ಹೇಳಿದ್ರು. ಒಂದೊಂದು ಸಲ ನಾನೂ ನಂಬಿಬಿಡ್ತಿದ್ದೆ."